ಭಟ್ಟಿ ಹತ್ತುವವಳು

ಕಾಲು ಜಾರಿತು ಎನ್ನುತ್ತಾರೆ. ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ನಮ್ಮ ಗುಬ್ಬಿಯ ಕಾಲು ಜಾರುವ ಕಾಲಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಇದ್ದಿಲು ಭಟ್ಟಿಯ ನೆತ್ತಿಯ ಮೇಲೆ ಓಡಾಡಿದ ಕಾಲು ಅದು. ಅವಳು ಸತ್ತದ್ದು ತಂಗಿಯನ್ನು ಭಟ್ಟಿ ಹತ್ತಲು ಬಿಡಬಾರದೆಂಬ ಒಂದೇ ಹಟಕ್ಕೆ. ನಾನು ಅವಳ ಸೋದರತ್ತೆ, ತಾಯಿ ಹೋದ ಮೇಲೆ ಇಬ್ಬರನ್ನೂ ಸಾಕಿದವಳು. ನಾನು ಹೇಳದೆ ಇನ್ಯಾರು ಹೇಳಬೇಕು?

ನಮ್ಮ ಕಸುಬು ಗೊತ್ತಿಲ್ಲದವರು ಸ್ವಲ್ಪ ಕೇಳಿ. ಸೌದೆಯನ್ನು ಮನೆಯೆತ್ತರಕ್ಕೆ ಗುಮ್ಮಟದ ಹಾಗೆ ಒಟ್ಟಿ, ಮೇಲೆ ಸೊಪ್ಪು ಹೊದಿಸಿ, ಅದರ ಮೇಲೆ ಹಸಿಮಣ್ಣು ಮೆತ್ತಿ, ಒಳಗೆ ಕೆಂಡ ಹಾಕುತ್ತೇವೆ. ಸೌದೆ ಉರಿಯಬಾರದು, ಗಾಳಿಯಿಲ್ಲದೆ ಒಳಗೊಳಗೇ ಬೇಯಬೇಕು. ಆಗಲೇ ಇದ್ದಿಲು. ಬೆಂದ ಸೌದೆ ಕುಗ್ಗುತ್ತದೆ, ಮೇಲಿನ ಮಣ್ಣು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗಾಳಿ ನುಗ್ಗಿತೋ, ಪಟ್ಟ ಶ್ರಮವೆಲ್ಲ ಬೂದಿ. ಅದಕ್ಕೇ ಯಾರಾದರೂ ಮೇಲೆ ಹತ್ತಿ, ಬಿರುಕಿಗೆ ಹಸಿಮಣ್ಣು ತುಂಬಿ, ಮರದ ಹಲಗೆಯಲ್ಲಿ ಬಡಿದು ಕೂರಿಸುತ್ತಿರಬೇಕು. ಭಾರದ ಮೈಯವರಾದರೆ ಏಣಿಯನ್ನು ಮಣ್ಣಿನ ಮೇಲೆ ಮಲಗಿಸಿಕೊಂಡು ಅದರ ಮೇಲೆ ತೆವಳುತ್ತಾರೆ. ಆದರೆ ಏಣಿ ಎಳೆದಾಡಿದಲ್ಲೆಲ್ಲ ಮಣ್ಣು ಕಿತ್ತು ಬರುತ್ತದೆ, ಕೆಲಸ ಎರಡಾಗುತ್ತದೆ. ಹಾಗಾಗಿ ಮನೆಯಲ್ಲಿ ಯಾರು ಎಲ್ಲರಿಗಿಂತ ಹಗುರವೋ ಅವರು ಬರಿಗಾಲಲ್ಲಿ ಹತ್ತುತ್ತಾರೆ. ಅವರು ಮೈತುಂಬಿಕೊಂಡರೆ ಅವರ ನಂತರದ ಹಗುರದವರು. ಇದರಲ್ಲಿ ಕೇಳುವುದು, ಹೇಳುವುದು ಏನೂ ಇರುವುದಿಲ್ಲ.

ಯಾರು ಹಗುರ ಎಂದು ತೀರ್ಮಾನಿಸುವವನು ನನ್ನ ತಮ್ಮ. ವರ್ಷದ ಮೊದಲ ಭಟ್ಟಿಗೆ ಮುಂಚೆ ಮಕ್ಕಳ ಕಂಕುಳಿಗೆ ಕೈಹಾಕಿ ಒಬ್ಬೊಬ್ಬರನ್ನೇ ಮೇಲಕ್ಕೆತ್ತಿ ನೋಡುತ್ತಾನೆ. ತಕ್ಕಡಿ ಬೇಡ ಅವನಿಗೆ. ಅವನು ನಗುತ್ತಾನೆ, ಆಟವೆಂದುಕೊಂಡು ಮಕ್ಕಳೂ ನಗುತ್ತವೆ. ಗುಬ್ಬಿಯನ್ನು ಹಾಗೆ ಎತ್ತಿದ ವರ್ಷವೇ ಅವಳನ್ನು ಶಾಲೆಯಿಂದ ಬಿಡಿಸಿದ. ಭಟ್ಟಿಯ ಮೇಲೆ ನಿಂತರೆ ಶಾಲೆಯ ಹೆಂಚು ಕಾಣುತ್ತಿತ್ತು, ಗಂಟೆಯೂ ಕೇಳುತ್ತಿತ್ತು. ಮೊದಮೊದಲು ಗಂಟೆ ಬಾರಿಸಿದಾಗಲೆಲ್ಲ ಹಲಗೆ ಕೆಳಗಿಟ್ಟು ಆ ಕಡೆ ನೋಡಿಕೊಂಡು ನಿಲ್ಲುತ್ತಿದ್ದಳು. ತಮ್ಮ ಗದರುತ್ತಿದ್ದ. ಆಮೇಲೆ ನೋಡುವುದನ್ನೂ ಬಿಟ್ಟಳು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಅದು. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಸೂಲಗಿತ್ತಿ ನೋಡಿ, "ಇದೇನಮ್ಮ, ಗುಬ್ಬಿಮರಿ ತರ ಇದೆ" ಎಂದಳು. ಅದೇ ಹೆಸರಾಯಿತು. ಮೈ ಬೆಳೆಯಲಿಲ್ಲ, ಬಾಯಿ ಬೆಳೆಯಿತು. ಭಟ್ಟಿಯ ಮೇಲೆ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ ಕೀಟಲೆ ಮಾಡುವಳು. ಇದ್ದಿಲು ಒಯ್ಯಲು ಬರುತ್ತಿದ್ದ ಲಾರಿ ಡ್ರೈವರನಿಗೆ ಅವಳು ಆಡಿದ ಮೊದಲ ಮಾತೇ, "ಲಾರಿ ಆಮೇಲೆ ತೊಳಿ, ಮೊದ್ಲು ಮುಖ ತೊಳಿ." ಆ ಪುಣ್ಯಾತ್ಮ ನಿಜವಾಗಿಯೂ ಮುಖ ತೊಳೆದುಕೊಂಡು ಬಂದು ಹೆಣ್ಣು ಕೇಳಿದ. ಮದುವೆಯಾಯಿತು. ಊರಾಚೆ ಲಾರಿ ಶೆಡ್ಡಿನ ಹಿಂದೆ ಒಂದು ಬಾಡಿಗೆ ಕೋಣೆ. ಅವನು ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುತ್ತಿದ್ದ. ಭಟ್ಟಿಯ ಕಾಲಕ್ಕೆ ಗುಬ್ಬಿ ಅಪ್ಪನ ಮನೆಗೆ ಬರುತ್ತಿದ್ದಳು. ಯಾಕೆಂದರೆ ಹತ್ತುವವರು ಬೇರೆ ಇರಲಿಲ್ಲ.

ಈ ವರ್ಷ ಇದ್ದಳು, ತಂಗಿ ಹತ್ತುವಷ್ಟು ದೊಡ್ಡವಳಾಗಿದ್ದಳು. ತಮ್ಮ ಮೊದಲು ಚಿಕ್ಕವಳನ್ನು ಎತ್ತಿದ. ಅವಳು ಶಾಲೆಯ ಚೀಲ ಹೆಗಲಲ್ಲಿಟ್ಟುಕೊಂಡೇ ಕಿಲಕಿಲ ನಕ್ಕಳು.

"ನೋಡಕ್ಕಾ, ಇದು ಗರಿ ತರ ಇದೆ" ಎಂದು ನನಗೆ ಹೇಳಿ, ಗುಬ್ಬಿಯನ್ನು ಎತ್ತಿದ. "ಏನೇ ಇದು? ಗಂಡನ ಮನೆ ಊಟ ಮೈಗೆ ಹತ್ತಿದೆಯಲ್ಲ! ಇನ್ನು ಚಿಕ್ಕವಳನ್ನೇ ಹತ್ತಿಸ್ಬೇಕು."

"ನಿನ್ನ ಕೈಗೆ ವಯಸ್ಸಾಗಿದೆ ಕಣಪ್ಪ, ನನ್ನ ಮೈಗೇನಾಗಿಲ್ಲ" ಎಂದು ಗುಬ್ಬಿ ಕೆಳಗೆ ಹಾರಿದಳು. ಎಲ್ಲರೂ ನಕ್ಕೆವು, ಈ ವರ್ಷವೂ ಅವಳೇ ಹತ್ತಿದಳು.

ಆಗಲೇ ಅವಳಿಗೆ ಮೂರು ತಿಂಗಳು. ನಮಗ್ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಗೊತ್ತಾದರೆ ದಾರಿಯಲ್ಲಿ ಸಿಕ್ಕ ಹೋಟೆಲಿನವರಿಗೆಲ್ಲ ಸಾರಿಕೊಂಡು ಬರುತ್ತಿದ್ದ. ಹೇಳಿದ್ದರೆ ನಮಗೆ ಸಂತೋಷವಾಗುತ್ತಿತ್ತು. ಅವಳನ್ನು ಅಂದೇ ಭಟ್ಟಿಯಿಂದ ಇಳಿಸುತ್ತಿದ್ದೆವು, ಮಾರನೆಯ ದಿನ ಚಿಕ್ಕವಳ ಕೈಗೆ ಹಲಗೆ ಕೊಡುತ್ತಿದ್ದೆವು. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ಊಟಕ್ಕೆ ಕೂತರೆ ತನ್ನ ತಟ್ಟೆಯದು ತಂಗಿಯ ತಟ್ಟೆಗೆ. ಗಂಜಿಯೂ ಅಷ್ಟೇ, ಮೊಟ್ಟೆಯೂ ಅಷ್ಟೇ.

"ತಿನ್ನೇ, ತಿಂದು ದಪ್ಪ ಆಗು. ಅಪ್ಪ ನಿನ್ನ ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಂಡು ಕೂತ್ಕೋಬೇಕು."

ಚಿಕ್ಕವಳಿಗೆ ನಗು. ನನಗೆ ಸಿಟ್ಟು. "ನೀನೇನು ಗಾಳಿ ಕುಡಿದು ಬದುಕ್ತೀಯಾ? ಮುಖ ನೋಡ್ಕೋ ಹೋಗು, ಒಣಗಿದ ಕಡ್ಡಿ!" ಎಂದು ಬೈದೆ. ಬೆಳಗ್ಗೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡರೆ ಹೊಗೆ ಕುಡಿದದ್ದು ಎನ್ನುತ್ತಿದ್ದಳು. ಹೊಗೆ ಕುಡಿದು ನಾವೆಲ್ಲರೂ ವಾಂತಿ ಮಾಡಿಕೊಂಡವರೇ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ಗಂಡನ ಹಳೇ ಅಂಗಿ ತೊಟ್ಟು ಓಡಾಡಿದಳು ಕಳ್ಳಿ. ಮಸಿ ಹಿಡಿದ ಅಂಗಿಯೊಳಗೆ ಏನಿದೆಯೆಂದು ಯಾರಿಗೆ ಕಾಣುತ್ತದೆ? ಮಳೆ ಹಿಡಿದರೆ ಭಟ್ಟಿ ನಿಲ್ಲುತ್ತದೆ. ಅಲ್ಲಿಯವರೆಗೆ ತಳ್ಳಿದರೆ ಸಾಕು ಎಂಬುದು ಅವಳ ಲೆಕ್ಕಾಚಾರ.

ಅದು ವರ್ಷದ ಕೊನೆಯ ಭಟ್ಟಿ. ಮೋಡ ಕವಿದು, ಸುರಿಯದೆ ಸತಾಯಿಸುತ್ತಿತ್ತು. ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದೆವು, ನೆತ್ತಿಯ ಒಂದು ಪಕ್ಕದಿಂದ ನೀಲಿ ಹೊಗೆ ಎದ್ದಿತು. ನೀಲಿ ಹೊಗೆ ಎಂದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಗುಬ್ಬಿ ಮಣ್ಣಿನ ಬುಟ್ಟಿ ಎತ್ತಿಕೊಂಡು ಹತ್ತಿದಳು. ಅರ್ಧ ಹತ್ತಿ ಮೊಣಕಾಲ ಮೇಲೆ ಕೈಯೂರಿ ನಿಂತಳು.

"ಏಣಿ ಹಾಕ್ಲೇನೇ?" ಎಂದು ಕೂಗಿದೆ.

"ಏಣಿ ನಿನಗಿಟ್ಕೋ ಅತ್ತೆ, ನೀನು ಹತ್ತುವಾಗ ಎರಡು ಬೇಕಾಗುತ್ತೆ!"

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಏಣಿ ಬೇಕೆಂದರೆ ಯಾಕೆ ಎನ್ನುವ ಮಾತು ಬರುತ್ತದೆ, ತಮ್ಮ ಇನ್ನೊಮ್ಮೆ ಎತ್ತಿ ನೋಡುತ್ತಾನೆ. ಅದಕ್ಕೆ ಅವಳು ಹಾಗೆಂದದ್ದು. ಬುಟ್ಟಿ ಸುರಿದು ಹಲಗೆ ಬಡಿಯತೊಡಗಿದಳು. ನಾಲ್ಕು ಏಟು ಬಿದ್ದಿರಬೇಕು. ಮಣ್ಣು ಕುಸಿದ ಸದ್ದೇನೂ ದೊಡ್ಡದಲ್ಲ. ತಲೆ ಎತ್ತಿದರೆ ಗುಬ್ಬಿ ಸೊಂಟದವರೆಗೆ ಒಳಗಿದ್ದಳು.

ತಮ್ಮ ಏಣಿಯನ್ನೂ ಹಾಕದೆ ಓಡಿ ಹತ್ತಿದ. ಪಕ್ಕದ ಭಟ್ಟಿಯವನೂ ಓಡಿ ಬಂದ, ಅವನ ಕೈಯಲ್ಲಿ ಹಸಿಮಣ್ಣಿನ ಬುಟ್ಟಿ. ತೂತು ಬಿದ್ದರೆ ಮಣ್ಣು ಒಯ್ಯುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಮೇಲೆ ಹೋಗಿ ನೋಡಿದ ಮೇಲೆ ಬುಟ್ಟಿ ಬಿಸಾಡಿ ಅವಳ ತೋಳು ಹಿಡಿದ. ಇಬ್ಬರೂ ಎಳೆದು ತಂದರು. ತಮ್ಮನ ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು.

ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಹೊರಟೆವು. ಗುಬ್ಬಿಯ ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟು ಸುಟ್ಟವಳು ಅರಚುತ್ತಾಳೆ ಎಂದುಕೊಂಡಿದ್ದೆ. ಅರಚಲಿಲ್ಲ.

"ಮಳೆ ಬಂತಾ ಅತ್ತೆ?" ಎಂದಳು.

ಮೈ ಉರಿಗೆ ಕೇಳುತ್ತಾಳೆ ಎಂದುಕೊಂಡೆ. ಒಂದು ಹನಿಯೂ ಬಿದ್ದಿರಲಿಲ್ಲ. "ಬಂತು ಮಗಳೇ, ಜೋರಾಗಿ ಬಂತು" ಎಂದೆ. ಆಸ್ಪತ್ರೆ ಇನ್ನೂ ದೂರವಿತ್ತು. ಅಷ್ಟರಲ್ಲೇ ಹೋದಳು.

ಮೈ ತೊಳೆಯಲು ಬಂದ ಸೂಲಗಿತ್ತಿ ಅಂಗಿ ಬಿಚ್ಚಿ, ಸುತ್ತಿದ್ದ ಬಟ್ಟೆ ಬಿಚ್ಚಿ, ನನ್ನ ಮುಖ ನೋಡಿದಳು. "ಐದು ತುಂಬಿದೆ" ಎಂದಳು. ಅವಳನ್ನು ಭೂಮಿಗೆ ತಂದವಳೂ ಅದೇ ಮುದುಕಿ. ಅಳಿಯ ಲಾರಿಯನ್ನು ದಾರಿಯಲ್ಲೇ ಬಿಟ್ಟು ಬಂದಿದ್ದ. ಅವನಿಗೆ ಈ ಮಾತು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಹೇಳಿದೆ. ಅವನು ಗೋಡೆಗೆ ತಲೆ ಒರಗಿಸಿ ನಿಂತುಬಿಟ್ಟ.

ಮಣ್ಣು ಮಾಡಿ ಬಂದೆವು. ಮನೆ ತುಂಬ ಜನ. ಪಕ್ಕದ ಮನೆಯವಳು ನನ್ನ ಕಿವಿಯ ಹತ್ತಿರ ಬಂದು, "ಚಿಕ್ಕವಳನ್ನ ನೋಡಿದ್ರಾ? ಅಕ್ಕ ಸತ್ತಿದ್ದಾಳೆ, ಇದು ಒಳಗೆ ಕೂತು ಗಂಜಿ ಬಾರಿಸ್ತಾ ಇದೆ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಕೈ ಎತ್ತಿಕೊಂಡೇ ಅಡುಗೆಮನೆಗೆ ನುಗ್ಗಿದೆ.

ನೆರೆಯವರು ಮಾಡಿ ತಂದಿದ್ದ ಗಂಜಿಯ ಪಾತ್ರೆಯನ್ನೂ ತಟ್ಟೆಯನ್ನೂ ಮುಂದಿಟ್ಟುಕೊಂಡು ಕೂತಿದ್ದಳು. ಬಾಯಿ ತುಂಬ ಗಂಜಿ. ನುಂಗಲಾಗದೆ ಕಣ್ಣಲ್ಲಿ ನೀರು. ಒಮ್ಮೆ ವಾಂತಿ ಮಾಡಿಕೊಂಡಿದ್ದು ಪಕ್ಕದಲ್ಲೇ ಇತ್ತು. ಅದರ ಮೇಲೆ ಮತ್ತೆ ತಿನ್ನುತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತು.

"ಏನೇ ಮಾಡ್ತಿದ್ದೀಯ?"

"ಅಕ್ಕ ಹೇಳಿದ್ಲು." ಗಂಜಿ ನುಂಗಿದಳು. "ಹೊಟ್ಟೇಲಿ ಪಾಪು ಇದೆ, ಯಾರಿಗೂ ಹೇಳ್ಬೇಡ, ಹೇಳಿದ್ರೆ ನಿನ್ನ ಶಾಲೆ ಬಿಡಿಸಿ ಹತ್ತಿಸ್ತಾರೆ ಅಂದ್ಲು. ಮಳೆ ಬರೋವರೆಗೂ ನಾನೇ ಹತ್ತುತೀನಿ, ಅಷ್ಟರಲ್ಲಿ ತಿಂದು ದಪ್ಪ ಆಗು ಅಂದ್ಲು. ನಾನು ಹೇಳ್ಲಿಲ್ಲ ಅತ್ತೆ. ದಿನಾ ತಿಂದೆ. ಆಗ್ಲೇ ಇಲ್ಲ." ತೋಳು ಚಾಚಿ ತೋರಿಸಿದಳು. ಕಡ್ಡಿಯಂಥ ತೋಳು. "ಅಪ್ಪ ನನ್ನ ಎತ್ತಿದ್ರೆ ಗೊತ್ತಾಗುತ್ತೆ. ಎಷ್ಟು ತಿಂದ್ರೆ ಸಾಕು ಅತ್ತೆ?"

ತಿರುಗಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ, ಎರಡೂ ಕೈಗೆ ಬ್ಯಾಂಡೇಜು. ಎಲ್ಲ ಕೇಳಿಸಿಕೊಂಡಿದ್ದ.

"ಬೇಡಮ್ಮ" ಎಂದ. "ಸಾಕು ಬಿಡಮ್ಮ. ನಿನ್ನ ಹತ್ತಿಸಲ್ಲ. ಏಣಿ ಹಾಕ್ಕೊಂಡು ನಾನೇ ಹತ್ತುತೀನಿ. ನಿಮ್ಮಕ್ಕನ ಆಣೆ."

ಚಿಕ್ಕವಳು ಅಪ್ಪನನ್ನು ನೋಡಿದಳು. ಅವನ ಮುಖ ನೋಡಲಿಲ್ಲ, ಬಟ್ಟೆ ಸುತ್ತಿದ ಆ ಎರಡು ಕೈಗಳನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಇನ್ನೊಂದು ಸೌಟು ಹಾಕು ಅತ್ತೆ" ಎಂದಳು.