ಕಿಂಡಿ ಡಾಕ್ಟರು

"ಹೊಟ್ಟೆ ನಂದು ರೀ, ಯಾರು ಕೊಯ್ಯಬೇಕು ಅಂತ ನಾನೇ ಹೇಳ್ತೀನಿ. ಆ ಹುಡುಗನೇ ಮಾಡ್ಲಿ," ಎಂದು ಸರ್ಜನ್ನರ ಹೆಂಡತಿ ಸ್ಕ್ಯಾನಿನ ಚಿತ್ರವನ್ನು ಲಕೋಟೆಗೆ ತುರುಕಿದಳು.

ಹುಡುಗ ಎಂದರೆ ಸರ್ಜನ್ನರ ಹಳೆಯ ಶಿಷ್ಯ. ಹೊಟ್ಟೆಗೆ ಸಣ್ಣ ತೂತು ಕೊರೆದು, ಒಳಗೆ ಕ್ಯಾಮೆರಾ ಇಳಿಸಿ, ಪರದೆ ನೋಡುತ್ತ ಆಪರೇಷನ್ ಮಾಡುವವನು. ಅವನಿಗೆ ಕಿಂಡಿ ಡಾಕ್ಟರು ಎಂದು ಹೆಸರಿಟ್ಟು ಆಸ್ಪತ್ರೆಯನ್ನೆಲ್ಲ ನಗಿಸಿದವರು ಸರ್ಜನ್ನರೇ. ಈಗ ಯಾರೂ ನಗುತ್ತಿರಲಿಲ್ಲ. ರೋಗಿಗಳು ಕಿಂಡಿಯನ್ನೇ ಕೇಳಿಕೊಂಡು ಬರುತ್ತಿದ್ದರು.

"ಮೇದೋಜೀರಕ ಬೆನ್ನಿಗೆ ಅಂಟ್ಕೊಂಡಿರುತ್ತೆ ಕಣೆ. ಗಡ್ಡೆ ಇರೋ ಅದರ ಬಾಲದ ತುದಿ ಕತ್ತರಿಸ್ಬೇಕಾದ್ರೆ ಕೈಲಿ ಮುಟ್ಟಿ ನೋಡ್ಬೇಕು. ಹೊಟ್ಟೆ ತೆರೆದು ಮಾಡೋದೇ ಸರಿ."

"ನೀವು ತೆರೆದವ್ರು ವಾರಗಟ್ಟಲೆ ನರಳ್ತಾರೆ, ಅವನು ಮಾಡಿದವ್ರು ಬೇಗ ಎದ್ದು ಓಡಾಡ್ತಾರೆ. ನೀವೇ ಹೇಳಿದ್ದಲ್ವಾ, ಉರ್ಕೊಂಡು?"

ಸ್ವಂತ ಹೆಂಡತಿಗೆ ಚಾಕು ಹಿಡಿಯುವ ಪದ್ಧತಿ ಇಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಅವಳು ಬೇರೆ ಯಾರನ್ನಾದರೂ ಆರಿಸಬಹುದಿತ್ತು. ಜೀವಮಾನವಿಡೀ ಜನರ ಹೊಟ್ಟೆ ನೋಡಿದವರಿಗೆ ಹೊಟ್ಟೆಕಿಚ್ಚು ಎಲ್ಲಿ ಹತ್ತುತ್ತದೆಂದು ಅಂದು ಗೊತ್ತಾಯಿತು.

ಆಪರೇಷನ್ ದಿನ ಅವರು ಥಿಯೇಟರಿನ ಮೂಲೆಯಲ್ಲಿ ಕೈಕಟ್ಟಿ ನಿಂತರು. ಶಿಷ್ಯನ ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನೇ ಅವರಿಗೆ ಸಹಿಸಲಾಗಲಿಲ್ಲ. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಯಿತು. ರಕ್ತನಾಳವೊಂದು ಹರಿದಿತ್ತು.

"ಸಿಸ್ಟರ್, ಹೊಟ್ಟೆ ತೆರೆಯೋಕೆ ಎಲ್ಲಾ ರೆಡಿ ಇಟ್ಕೊಳ್ಳಿ," ಎಂದ ಶಿಷ್ಯ.

ಸರ್ಜನ್ನರಿಗೆ ಖುಷಿಯಾಯಿತು. ಯಾರೂ ಕರೆಯದಿದ್ದರೂ ಹೊರಗಿನ ನಲ್ಲಿಗೆ ಓಡಿ, ಉಗುರಿನಿಂದ ಮೊಣಕೈವರೆಗೆ ಉಜ್ಜಿ ತೊಳೆದರು. ಈಗ ಬೇಕಾಯಿತಲ್ಲ ನನ್ನ ಕೈ, ಎಂದುಕೊಂಡರು. ಆ ರಕ್ತ ಯಾರದೆಂದು ನೆನಪಾದದ್ದು ನಲ್ಲಿ ನಿಲ್ಲಿಸಿದ ಮೇಲೆ.

ಕೈ ಎತ್ತಿಕೊಂಡು ಒಳಗೆ ಬಂದಾಗ ಪರದೆ ತಿಳಿಯಾಗಿತ್ತು. ಶಿಷ್ಯ ಕಿಂಡಿಯಿಂದಲೇ ನಾಳಕ್ಕೆ ಕ್ಲಿಪ್ ಹಾಕಿದ್ದ. "ರಕ್ತ ನಿಂತ್ಹೋಯ್ತು ಸರ್," ಎಂದ, ತಿರುಗದೆ. ನರ್ಸ್ ಗೌನ್ ಹಿಡಿದು ಬಂದಳು. ಅವರು ಬೇಡವೆಂದು ತಲೆಯಾಡಿಸಿದರು. ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಮಾರನೆಯ ಸಂಜೆ ಹೆಂಡತಿ ದಿಂಬಿಗೆ ಒರಗಿ ಕುಳಿತಿದ್ದಳು.

"ಅವನು ಎಲ್ಲಾ ಹೇಳ್ದ," ಎಂದಳು. "ರಕ್ತ ಬಂದಾಗ ಸರ್ ಓಡಿಹೋಗಿ ಕೈ ತೊಳ್ಕೊಂಡು ಬಂದ್ರು, ಅವರಿದ್ದಾರೆ ಅಂತಲೇ ನನಗೆ ಧೈರ್ಯ ಇತ್ತು ಅಂದ. ನಾನು ನೋಡಿದ್ರೆ ಇಷ್ಟು ದಿನ ನಿಮ್ಮನ್ನ ಹೊಟ್ಟೆಕಿಚ್ಚಿನವ್ರು ಅಂತ ಆಡ್ಕೊಂಡೆನಲ್ಲ ರೀ."

ಅವರ ಬಲಗೈಯನ್ನು ಎಳೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ. ನಲ್ಲಿಯ ಕೆಳಗೆ ಖುಷಿಯಿಂದ ತೊಳೆದ ಕೈ ಅದು. ಅವಳ ಕೆನ್ನೆ ಹಿಡಿಯಲು ಬೆರಳುಗಳನ್ನು ಮಾತ್ರ ಮಡಚಲಿಲ್ಲ.