ಪಂಪಿನ ಕೆಳಗಿನ ಕಲೆ

ಅಕ್ಕನ ವ್ಯಾನನ್ನು ಯಾರೋ ಹಗ್ಗ ಕಟ್ಟಿ ಎಳೆದು ತಂದು ಗ್ಯಾರೇಜಿನ ಬಾಗಿಲಿಗೆ ಬಿಟ್ಟುಹೋದಾಗ ಮೆಕ್ಯಾನಿಕ್ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ.

ಹಿಂದಿನ ದಿನ ಬೆಳಿಗ್ಗೆ ಅವನ ಭಾವನಿಗೆ ಲಕ್ವ ಹೊಡೆದಿತ್ತು. ಲಾಂಡ್ರಿಯ ಬಟ್ಟೆ ಸಾಗಿಸುವ ಅದೇ ವ್ಯಾನಿನಲ್ಲಿ ಅಕ್ಕ ಗಂಡನನ್ನು ಕೂರಿಸಿಕೊಂಡು ಹೊರಟಿದ್ದಳು. ಮೇಲ್ಸೇತುವೆಯ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಬುಸುಗುಟ್ಟಿ ಎಂಜಿನ್ ನಿಂತುಬಿಟ್ಟಿತು. ಇನ್ನೊಂದು ಗಾಡಿ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. “ಸ್ವಲ್ಪ ಬೇಗ ಬಂದಿದ್ದರೆ…” ಎಂದ ಡಾಕ್ಟರು ಉಳಿದದ್ದನ್ನು ನುಂಗಿಕೊಂಡಿದ್ದರು. ಜೀವ ಉಳಿದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು.

ಅದರಲ್ಲೂ ಮಾತು! ಭಾವ ಬಾಯಿ ಬಿಟ್ಟರೆ ಅಳುವವರೂ ನಗಬೇಕು. “ನಮ್ಮ ಭಾಮೈದ ಕೈ ಇಟ್ರೆ ಸಾಕು, ಕೆಟ್ಟ ಗಾಡಿ ನಾಚ್ಕೊಂಡು ತಾನೇ ಸ್ಟಾರ್ಟ್ ಆಗುತ್ತೆ” ಎಂದು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ.

ಮೆಕ್ಯಾನಿಕ್ ಬಾನೆಟ್ ಎತ್ತಿದ. ಕೈ ಮುಂದಕ್ಕೆ ಹೋಗಲಿಲ್ಲ. ಹತ್ತು ದಿನದ ಕೆಳಗೆ ಇದೇ ಜಾಗದಲ್ಲಿ ಅಕ್ಕ ನಿಂತು, “ಏರು ಹತ್ತುವಾಗ ಹೀಟಿನ ಮುಳ್ಳು ಮೇಲಕ್ಕೆ ಹೋಗುತ್ತೆ ಕಣೋ, ಸ್ವಲ್ಪ ನೋಡು” ಎಂದಿದ್ದಳು. ಅವನ ಕೈಯಲ್ಲಿ ಇನ್ನೊಬ್ಬರ ಗೇರ್‌ಬಾಕ್ಸ್ ಬಿಚ್ಚಿಕೊಂಡಿತ್ತು. ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿದ, ಪೈಪುಗಳನ್ನು ಹಿಸುಕಿದ, ಎಂಜಿನ್ ತಣ್ಣಗಿಡುವ ಕೂಲಂಟ್ ಕಡಿಮೆಯಾಗಿತ್ತು, ತುಂಬಿಸಿದ. ಐದೇ ನಿಮಿಷ. “ಏನಿಲ್ಲ ಬಿಡಕ್ಕ, ಧೈರ್ಯವಾಗಿ ಓಡಿಸು” ಎಂದು ಕಳಿಸಿಬಿಟ್ಟಿದ್ದ. ಕಡಿಮೆಯಾದ ಕೂಲಂಟ್ ಹೋದದ್ದಾದರೂ ಎಲ್ಲಿಗೆ ಎಂದು ಕೇಳಿಕೊಂಡಿರಲಿಲ್ಲ.

ಈಗ ಕೇಳಿಕೊಂಡ. ರೇಡಿಯೇಟರಿಗೆ ನೀರು ತುಂಬಿ, ಅದರ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಮೀಟರಿನ ಮುಳ್ಳು ಒಂದು ಗಳಿಗೆ ನಿಂತು, ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಸೋರುತ್ತಿತ್ತು. ಟಾರ್ಚ್ ಹಿಡಿದು ವ್ಯಾನಿನ ಅಡಿ ಮಲಗಿದ. ರೇಡಿಯೇಟರಿನ ಹೊರಮೈ ಒಣಗಿತ್ತು, ಪೈಪುಗಳ ಕ್ಲಿಪ್ಪುಗಳೂ ಒಣಗಿದ್ದವು. ಎಂಜಿನ್ನಿಗೆ ನೀರು ಸುತ್ತಿಸುವ ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು. ಒಳಗಿನ ಸೀಲ್ ಸವೆದರೆ ನೀರು ಬರುವುದು ಅಲ್ಲಿಂದಲೇ. ಅಲ್ಲಿ ಒಂದು ಹನಿ ಕೂಡಿಕೊಂಡು, ಜಾರಿ, ಅವನ ಕೆನ್ನೆಯ ಮೇಲೆ ಬಿತ್ತು.

ಹನಿಗಿಂತ ಹೆಚ್ಚಾಗಿ ಅವನನ್ನು ಇರಿದದ್ದು ತೂತಿನ ಕೆಳಗಿನ ಕಲೆ. ಕೂಲಂಟ್ ಸೋರಿ, ಒಣಗಿ, ಮತ್ತೆ ಸೋರಿ ಹಸಿರು ಉಪ್ಪಿನಂತೆ ಪದರುಗಟ್ಟಿತ್ತು. ನಿನ್ನೆ ಮೊನ್ನೆಯದಲ್ಲ, ತಿಂಗಳಾದರೂ ಆಗಿರಬೇಕು. ಅಂದು ಒಂದು ಸಲ ಬಗ್ಗಿ ನೋಡಿದ್ದರೆ ಕುರುಡನಿಗೂ ಕಾಣುತ್ತಿತ್ತು.

ಎಂಜಿನ್ ಆಯಿಲ್ ನೀರು ಬೆರೆತು ಬೆಳ್ಳಗಾಗಿತ್ತು. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಿಚ್ಚಿದ. ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗಿತ್ತು, ಕಾವಿಗೆ ಹೆಡ್ ಕೂಡ ಸೊಟ್ಟಗಾಗಿತ್ತು. ಅದನ್ನು ತಾನೇ ಹೊತ್ತುಕೊಂಡು ಹೋಗಿ ಮಟ್ಟ ಮಾಡಿಸಿಕೊಂಡು ಬಂದ. ಹೊಸ ಪಂಪು, ಹೊಸ ಗ್ಯಾಸ್ಕೆಟ್, ಹೊಸ ಆಯಿಲ್ ಹಾಕಿದ. ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯೆಲ್ಲ ಹೋಗುವವರೆಗೆ ಎಂಜಿನ್ ಓಡಿಸಿದ. ಮೇಲ್ಸೇತುವೆಯ ಏರನ್ನು ನಾಲ್ಕು ಸಲ ಹತ್ತಿಸಿ ಇಳಿಸಿದ. ಮುಳ್ಳು ಅಲ್ಲಾಡಲಿಲ್ಲ. ಎಷ್ಟೋ ವರ್ಷದಿಂದ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿರಲಿಲ್ಲ.

ಐದನೆಯ ದಿನ ಕೀಲಿ ಕೊಡಲು ಆಸ್ಪತ್ರೆಗೆ ಹೋದ. ಅಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

“ನಿಂಗೊಂದು ವಿಷಯ ಹೇಳ್ಬೇಕು ಕಣೋ. ಯಾರಿಗೂ ಹೇಳಿಲ್ಲ. ಮುಳ್ಳು ಕೆಂಪಿಗೆ ಹೋಗಿದ್ದು ಸೇತುವೆ ಹತ್ತೋಕೆ ಮುಂಚೆನೇ ನೋಡ್ದೆ. ಎರಡು ನಿಮಿಷ ನಿಲ್ಲಿಸಿ, ನೀರು ಹಾಕಿದ್ರೆ ಓಡ್ತಿತ್ತೇನೋ. ಅವರು ಒದ್ದಾಡ್ತಿದ್ರು, ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ. ನನ್ನ ಕೈಯಾರೆ ಹಾಳುಮಾಡಿದೆ.”

ಹೌದು, ನಿಲ್ಲಿಸಬೇಕಿತ್ತು ಎಂದು ಒಂದು ಮಾತು ಆಡಿದರೆ ಸಾಕಾಗಿತ್ತು, ಅವನ ತಪ್ಪು ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಐದು ದಿನದಿಂದ ಅವಳು ಇದನ್ನು ಒಬ್ಬಳೇ ನುಂಗಿಕೊಂಡು ಕೂತಿದ್ದಳು.

“ಇಲ್ಲಕ್ಕ,” ಎಂದ. “ಪಂಪು ಒಂದು ತಿಂಗಳಿಂದ ಸೋರ್ತಿತ್ತು. ನೀನು ತಂದಾಗ ನಾನು ಬಗ್ಗಿ ನೋಡ್ಲೇ ಇಲ್ಲ. ನೋಡಿದ್ರೆ ಅವತ್ತು ಗಾಡಿ ನಿಲ್ತಾನೇ ಇರ್ಲಿಲ್ಲ. ತಪ್ಪು ನಂದು.”

ಅಕ್ಕ ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

“ನೀನು ಏನಿಲ್ಲ ಅಂದಿದ್ದೆ,” ಎಂದಳು. ದನಿ ಏರಲಿಲ್ಲ. “ನೀನು ಹೇಳಿದೆ ಅಂತಾನೇ ಅವತ್ತು ಬೇರೆ ಗಾಡಿ ಕರೀಲಿಲ್ಲ.”

ಕೀಲಿ ತೆಗೆದುಕೊಂಡು ಒಳಗೆ ಹೋದಳು.

ಭಾವ ಮನೆಗೆ ಬಂದ ಮೇಲೆ ಅಕ್ಕ ವ್ಯಾನನ್ನು ಬೇರೆ ಗ್ಯಾರೇಜಿಗೆ ಬಿಡತೊಡಗಿದಳು. ಮೆಕ್ಯಾನಿಕ್ ಭಾನುವಾರ ಭಾನುವಾರ ಭಾವನ ಗಡ್ಡ ಹೆರೆಯಲು ಹೋಗುತ್ತಾನೆ. ಅಕ್ಕ ಬಾಗಿಲು ತೆಗೆದು, ಬಿಸಿನೀರಿನ ಚೊಂಬು ಇಟ್ಟು, ಅಡುಗೆಮನೆಗೆ ಹೋಗಿಬಿಡುತ್ತಾಳೆ. ಭಾವ ಮಾತ್ರ ಅವನನ್ನು ಕಂಡೊಡನೆ ಅರ್ಧ ಬಾಯಲ್ಲಿ ನಗುತ್ತಾನೆ, ಏನೋ ತಮಾಷೆ ಹೇಳಲು ಹೋಗುತ್ತಾನೆ. ಬರೀ ಗೊರಗೊರ ಸದ್ದು. ಮೆಕ್ಯಾನಿಕ್ ಅರ್ಥವಾದವನಂತೆ ನಕ್ಕು, ಸೋಪಿನ ನೊರೆ ಹಚ್ಚತೊಡಗುತ್ತಾನೆ.