ಎರಡು ಕೊಂಡಿಯಷ್ಟು ಫುಟ್‌ಬಾಲ್

1.

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಅಂತ ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಲೊರೆಟ್ಟಾಳ ಹೋಟೆಲಿನಿಂದ ಶುರುಮಾಡಿದರೆ ಬರೀ ಮಾತೇ ಆಗುತ್ತದೆ. ಮೈದಾನದಿಂದ ಶುರುಮಾಡೋಣವೆಂದರೆ, ಫುಟ್‌ಬಾಲ್ ಅಂದಕೂಡಲೇ ದುಂಡನೆಯ ಚೆಂಡನ್ನು ನೆನೆಸಿಕೊಳ್ಳುವ ನೀವು ಎರಡನೇ ಪುಟಕ್ಕೇ ಎದ್ದು ಹೋಗುತ್ತೀರಿ. ಇದು ಅದಲ್ಲ. ಇದು ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡಿದವನನ್ನು ನಾಲ್ಕು ಜನ ಕೆಡವಿ ಮೇಲೆ ಬೀಳುವ ಅಮೆರಿಕದ ಆಟ. ನಿಯಮ ಒಂದು ಗೊತ್ತಿದ್ದರೆ ಸಾಕು: ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. (ಉಳಿದದ್ದು ನನಗೂ ಪೂರ್ತಿ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಗೊತ್ತಿರುವವನ ಹಾಗೆ ತಲೆಯಾಡಿಸಿಕೊಂಡು ಬಂದಿದ್ದೇನೆ.)

ಆ ಹತ್ತು ಗಜ ಅಳೆಯಲು ಒಂದು ಸರಪಳಿ ಇರುತ್ತದೆ. ನಾನಿರುವ ಗ್ಲೆನ್‌ಫರ್ಡ್ ಊರಿನ ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ ಮೂವತ್ತೊಂದು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವನು ಎಮಿಲ್ ಹ್ರಿಷ್ಕೊ. ವಯಸ್ಸು ಅರವತ್ತೆಂಟು, ಮುಚ್ಚಿಹೋದ ಗಾಜಿನ ಫ್ಯಾಕ್ಟರಿಯ ನಿವೃತ್ತ ಕೆಲಸಗಾರ, ಮಂಡಿ ಎರಡೂ ಹೋಗಿವೆ. ಇದೇ ಅವನ ಕೊನೇ ಸೀಸನ್. ಅವನಿಗಿದ್ದ ಆಸೆ ಒಂದೇ: ಸರಪಳಿ ಕೆಳಗಿಡುವ ಮೊದಲು ತನ್ನೂರಿನ ಹುಡುಗರು ಸೇಂಟ್ ಹೆಡ್ವಿಗ್ ಎಂಬ ಖಾಸಗಿ ಶಾಲೆಯನ್ನು ಒಂದು ಸಲ ಸೋಲಿಸಬೇಕು. ಹತ್ತೊಂಬತ್ತು ವರ್ಷದಿಂದ ಅದು ಆಗಿಲ್ಲ.

1. (ಮತ್ತೆ)

"ಮಂಜು ಮುಸುಕಿದ ನದಿಯ ದಂಡೆಯಲ್ಲಿ, ತುಕ್ಕು ಹಿಡಿದ ಚಿಮಣಿಗಳ ನೆರಳಲ್ಲಿ, ಒಬ್ಬ ಒಂಟಿ ಮುದುಕ..."

ಈ ಸಾಲನ್ನು ಹೊಡೆದುಹಾಕಿದವನು ನಾನಲ್ಲ, ಎಮಿಲ್. ನಾನು ಮೇನ್ ಸ್ಟ್ರೀಟಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಅವನು ಬಿ.ಪಿ. ಗುಳಿಗೆಗೆ ಬಂದಾಗ ಓದಿ ಹೇಳಿದ್ದೆ.

"ಒಂಟಿ ಅಂತ ಯಾರು ಹೇಳಿದ್ದು ನಿಂಗೆ? ಮನೇಲಿ ಹೆಂಡ್ತಿ ಇದಾಳೆ, ಎರಡು ನಾಯಿ ಇದಾವೆ. ಮಂಜು ಯಾವತ್ತಿತ್ತು? ನದಿ ವಾಸನೆ ಹೊಡೀತಿತ್ತು, ಅದನ್ನ ಬರಿ."

"ಓದುಗರಿಗೆ ಸ್ವಲ್ಪ ವಾತಾವರಣ ಬೇಕಲ್ಲ, ಎಮಿಲ್."

"ನೀನು ಬರೆಯೋದು ನಿಮ್ಮ ಭಾಷೇಲಿ. ಈ ಊರಲ್ಲಿ ಯಾರಿಗೂ ಓದೋಕೆ ಬರಲ್ಲ. ಅದಕ್ಕೇ ನನ್ ಬಾಯಲ್ಲಿ ಏನು ಬೇಕಾದ್ರೂ ತುರುಕ್ತೀಯ ನೀನು. ನಂಗೊತ್ತು, ಡಾಕ್."

(ಇಲ್ಲಿ ಔಷಧಿ ಕೊಡುವವನನ್ನು ಡಾಕ್ ಅನ್ನುತ್ತಾರೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಕೊನೆಗೂ ಮಗ ಡಾಕ್ಟರಾದ ಅಂತ ಖುಷಿಪಟ್ಟಿದ್ದರು.)

2.

ಹಾಗಾದರೆ ಹೋಟೆಲಿನಿಂದಲೇ ಶುರುಮಾಡುತ್ತೇನೆ. ಗುರುವಾರ ಬೆಳಗ್ಗೆ. ಶನಿವಾರ ಕ್ವಾರ್ಟರ್ ಫೈನಲ್, ಗ್ಲೆನ್‌ಫರ್ಡಿಗೂ ಸೇಂಟ್ ಹೆಡ್ವಿಗ್‌ಗೂ, ನಮ್ಮ ಮೈದಾನದಲ್ಲೇ. ಸೋಮವಾರ ರಾಜ್ಯದ ಎಲ್ಲ ಹೈಸ್ಕೂಲುಗಳ ಪ್ರಿನ್ಸಿಪಾಲರು ವೋಟು ಹಾಕಬೇಕು: ಖಾಸಗಿ ಶಾಲೆಗಳಿಗೆ ಬೇರೆ ಟೂರ್ನಮೆಂಟ್ ಮಾಡಬೇಕೋ ಬೇಡವೋ. ನಮ್ಮ ಪ್ರಿನ್ಸಿಪಾಲರಿಗೆ ಕೊಡಲು ಎಮಿಲ್, ಬೇಕು ಅಂತಲೇ ವೋಟು ಹಾಕಿ ಎಂದು ಒಂದು ಮನವಿ ಬರೆದು, ಮನೆ ಮನೆ ತಿರುಗಿ ನಾನೂರ ಹನ್ನೆರಡು ಸಹಿ ಹಾಕಿಸಿದ್ದ.

"ನಾಲ್ಕು ಜಿಲ್ಲೆಯಿಂದ ಹುಡುಗ್ರನ್ನ ಆರಿಸ್ಕೊಂಡು ಬಸ್ಸಲ್ಲಿ ತುಂಬ್ಕೊಂಡು ಬರ್ತಾರೆ," ಎಂದ ಎಮಿಲ್, ಮೊಟ್ಟೆಯ ಮೇಲೆ ಮೆಣಸಿನ ಪುಡಿ ಉದುರಿಸುತ್ತ. "ನಮಗೆ ಸಿಗೋದು ಈ ಸೇತುವೆಯಿಂದ ಆ ಸೇತುವೆ ತನಕ ಹುಟ್ಟಿದೋರು ಮಾತ್ರ. ನಮ್ ಸ್ಕೂಲಲ್ಲಿ ಸಾವಿರದ ನೂರು ಮಕ್ಕಳಿದ್ರು. ಈಗ ಮುನ್ನೂರ ಹತ್ತು. ಇದನ್ನ ಪಂದ್ಯ ಅಂತಾರಾ?"

"ಅಂತಾರೆ," ಎಂದಳು ಲೊರೆಟ್ಟಾ, ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತ. ಹೋಟೆಲು ಅವಳದು. ಅವಳು ಓದಿದ್ದು ಸೇಂಟ್ ಹೆಡ್ವಿಗ್‌ನಲ್ಲಿ, ಅವಳ ಮಕ್ಕಳು ಓದಿದ್ದೂ ಅಲ್ಲೇ. "ಎಂಬತ್ತಾರರಲ್ಲಿ ನೀವು ಚಾಂಪಿಯನ್ ಆದ್ರಲ್ಲ, ಆ ಫುಲ್‌ಬ್ಯಾಕ್ ಹುಡುಗ ಎಲ್ಲಿಂದ ಬಂದಿದ್ದ? ಅವರಪ್ಪನಿಗೆ ಗಾಜಿನ ಫ್ಯಾಕ್ಟರೀಲಿ ಫೋರ್‌ಮನ್ ಕೆಲಸ ಕೊಡಿಸಿ, ಇಡೀ ಸಂಸಾರಾನ ಒಹಾಯೋದಿಂದ ಎತ್ಕೊಂಡು ಬಂದಿರಿ."

"ಅದು ಬೇರೆ."

"ಹೂಂ, ಬೇರೆ. ಅದು ನಿಮ್ಮದು, ಇದು ನಮ್ಮದು."

"ಲೊರೆಟ್ಟಾ, ನಿಮ್ಮೋರು ಮೋಸ ಮಾಡ್ತಾರೆ. ನಾನು ಬರೆದೇ ಇದೀನಿ. ಮನವೀಲಿ ಮೊದಲ್ನೇ ಸಾಲೇ ಅದು."

"ಓದಿದೀನಿ. ಅದಕ್ಕೇ ಸಹಿ ಹಾಕ್ಲಿಲ್ಲ. ಆಮೇಲೆ, ಶನಿವಾರ ನೀವು ಗೆದ್ದುಬಿಟ್ರೆ ಆ ಮನವೀನ ಏನು ಮಾಡ್ತೀಯ? ನಾಯಿ ಮಲಗೋ ಜಾಗಕ್ಕೆ ಹಾಸ್ತೀಯಾ?"

ಎಮಿಲ್ ಈ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. ಗೆಲ್ಲುವುದೆಂದರೆ ಏನೆಂದು ಅಷ್ಟರಮಟ್ಟಿಗೆ ಮರೆತುಹೋಗಿತ್ತು. "ಮೊದಲು ಗೆಲ್ಲೋಣ," ಎಂದು ಮೊಟ್ಟೆಗೆ ತಲೆ ಬಗ್ಗಿಸಿದ.

3.

(ಈ ಭಾಗದಲ್ಲಿ ಖಾಸಗಿ ಮತ್ತು ಸರ್ಕಾರಿ ಶಾಲೆಗಳ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಎರಡೂವರೆ ಪುಟ ಇತ್ತು. ಅಂಕಿಅಂಶ ಸಮೇತ. ಟೈಪು ಮಾಡುವಾಗ ನನಗೇ ಆಕಳಿಕೆ ಬಂತು. ತೆಗೆದಿದ್ದೇನೆ. ನೀವು ಬಚಾವಾದಿರಿ.)

4.

ಶನಿವಾರ ಮಧ್ಯಾಹ್ನ ಒಂದು ಗಂಟೆ. ಗ್ಲೆನ್‌ಫರ್ಡಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ, ನನ್ನದೂ ಸೇರಿ.

ಸರಪಳಿಯ ಕೆಲಸ ಹೇಗೆ ಅಂತ ಈಗಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ನೀವು ನನ್ನನ್ನು ಬೈಯುತ್ತೀರಿ. ಹತ್ತು ಗಜದ ಸರಪಳಿ, ಎರಡು ತುದಿಗೆ ಎರಡು ಕೋಲು. ಮೈದಾನದ ಅಂಚಿನಲ್ಲಿ ಅದನ್ನು ಹಿಡಿದುಕೊಂಡಾಗ ಗಜದ ಲೆಕ್ಕಕ್ಕೆ ಎಳೆದ ಯಾವುದಾದರೊಂದು ಬಿಳಿ ಗೆರೆಗೆ ಸರಿಯಾಗಿ ಒಂದು ಕೊಂಡಿಗೆ ಕ್ಲಿಪ್ ಸಿಕ್ಕಿಸುತ್ತಾರೆ. ಅನುಮಾನ ಬಂದರೆ ಸರಪಳಿಯನ್ನು ಒಳಗೆ ಒಯ್ದು, ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಬಿಗಿಯಾಗಿ ಎಳೆಯುತ್ತಾರೆ. ಚೆಂಡಿನ ಮೂತಿ ಮುಂದಿನ ಕೋಲು ಮುಟ್ಟಿದರೆ ಹತ್ತು ಗಜ ಆಯಿತು. ಯಾರ ಮೈದಾನವೋ ಆ ಊರಿನವರೇ ಸರಪಳಿ ಹಿಡಿಯುತ್ತಾರೆ. ಆದರೆ ಹಿಡಿದಷ್ಟು ಹೊತ್ತು ಅವರು ಯಾವ ಊರಿನವರೂ ಅಲ್ಲ. ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಮೂವತ್ತೊಂದು ವರ್ಷ ಎಮಿಲ್ ತನ್ನೂರಿನ ಪಂದ್ಯವನ್ನು ಬಾಯಿಗೆ ಬೀಗ ಹಾಕಿಕೊಂಡೇ ನೋಡಿದ್ದಾನೆ.

ಕ್ಲಿಪ್ ಅವನದು. ಸರಪಳಿಯ ನಡುವೆ ಒಂದು ಕೆಂಪು ಪಟ್ಟಿ ಸುತ್ತಿದೆ. ಕ್ಲಿಪ್ ಹಾಕಿದಾಗಲೆಲ್ಲ ಅವನು ಪಟ್ಟಿಯಿಂದ ಕೊಂಡಿ ಎಣಿಸಿ ಗಟ್ಟಿಯಾಗಿ ಹೇಳುತ್ತಾನೆ. ಅವತ್ತು ಕೊನೆಯ ಹೊತ್ತಿಗೆ ಹೇಳಿದ್ದು, "ನಲವತ್ತರ ಗೆರೆ. ಪಟ್ಟಿಗೆ ಹಿಂದೆ ಆರು."

ಎರಡು ನಿಮಿಷ ಬಾಕಿ. ಗ್ಲೆನ್‌ಫರ್ಡ್ 17, ಸೇಂಟ್ ಹೆಡ್ವಿಗ್ 14. ಚೆಂಡು ನಮ್ಮ ಹುಡುಗರ ಕೈಯಲ್ಲಿತ್ತು. ಇನ್ನೊಂದು ಸಲ ಹತ್ತು ಗಜ ದಾಟಿದರೆ ಸಮಯ ಕಳೆದು ಗೆದ್ದುಬಿಡಬಹುದು. ಮೂರನೇ ಪ್ರಯತ್ನದಲ್ಲಿ ಇಬ್ಬರು ಹುಡುಗರು ಅಂಚಿಗೆ ಉರುಳಿಬಂದು ಸರಪಳಿಯವರ ಮೇಲೇ ಬಿದ್ದರು. ಮುಂದಿನ ಕೋಲು ಹಿಡಿದಿದ್ದ ಕ್ಲೆಮ್ ಹಾರಿ ತಪ್ಪಿಸಿಕೊಂಡ. ಎಮಿಲ್ ಬಿದ್ದ. ಏಳುವಾಗ ಕ್ಲಿಪ್ ಕಳಚಿ ಹುಲ್ಲಲ್ಲಿತ್ತು. ಗಡಿಯಾರ ಓಡುತ್ತಿತ್ತು, ಮಂಡಿ ಉರಿಯುತ್ತಿತ್ತು, ಅವನು ಅಂದಾಜಿನಲ್ಲಿ ಒಂದು ಕೊಂಡಿಗೆ ಸಿಕ್ಕಿಸಿದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಎಣಿಸಲಿಲ್ಲ, ಹೇಳಲೂ ಇಲ್ಲ.

ನಾಲ್ಕನೇ ಪ್ರಯತ್ನ. ಹನ್ನೊಂದು ಜನದ ಮೇಲೆ ಹನ್ನೊಂದು ಜನ ಬಿದ್ದರು. ರೆಫರಿ ಅಳತೆಗೆ ಕರೆದ. ಸರಪಳಿ ಒಳಗೆ ಹೋಯಿತು. ಚೆಂಡಿನ ಮೂತಿ ಕೋಲನ್ನು ದಾಟಿ ಒಂದು ಬೆರಳು ಮುಂದಿತ್ತು. ನಮ್ಮ ಕಡೆಯ ಇಡೀ ಗ್ಯಾಲರಿ ಎದ್ದು ನಿಂತಿತು.

ನಲವತ್ತರ ಗೆರೆಯ ಮೇಲೆ ಮಂಡಿಯೂರಿದ್ದ ಎಮಿಲ್ ಆಗ ಕ್ಲಿಪ್ ನೋಡಿದ. ಪಟ್ಟಿಗೆ ಹಿಂದೆ ನಾಲ್ಕು.

ಎರಡು ಕೊಂಡಿ ತಪ್ಪು. ಮುಂದಿನ ಕೋಲು ಅಷ್ಟು ಹಿಂದೆ ಬಂದಿತ್ತು, ತನ್ನೂರಿನ ಪರವಾಗಿ.

5. ಅಂತ್ಯ: ಅ

ಎಮಿಲ್ ಸುಮ್ಮನಿದ್ದ. ಗ್ಲೆನ್‌ಫರ್ಡ್ ಗೆದ್ದಿತು. ಬೀದಿಯಲ್ಲಿ ಬ್ಯಾಂಡು. ಅವನು ಮನೆಯ ನೆಲಮಾಳಿಗೆಯಲ್ಲಿ ಕೂತು ಕ್ಲಿಪ್ಪನ್ನು ನೋಡುತ್ತ...

"ಇದು ಚೆನ್ನಾಗಿದೆ, ಎಮಿಲ್," ಎಂದೆ ನಾನು. "ಅಂತರಂಗದ ತೊಳಲಾಟ. ವಿಮರ್ಶಕರಿಗೆ ಇಷ್ಟ ಆಗುತ್ತೆ."

"ಯಾರಿಗೆ?"

"ವಿಮರ್ಶಕರಿಗೆ."

"ಅವರು ಯಾವತ್ತಾದ್ರೂ ಸರಪಳಿ ಹಿಡಿದಿದಾರಾ?" ಗುಳಿಗೆಯ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ. "ಹೊಡೆದುಹಾಕು. ನಾನು ಸುಮ್ನಿರ್ಲಿಲ್ಲ. ಆದ್ರೆ ಒಂದು ಬರ್ಕೋ, ಸುಮ್ನಿರೋಣ ಅನ್ನಿಸ್ತು. ಜೋರಾಗೇ ಅನ್ನಿಸ್ತು. ಅದನ್ನ ಬಿಡಬೇಡ."

ಬರೆದುಕೊಂಡೆ. ಹೊಡೆದೂ ಹಾಕಿದೆ.

5. ಅಂತ್ಯ: ಆ

ಎಮಿಲ್ ನಿಜ ಹೇಳಿದ. ಒಂದು ಕ್ಷಣ ಮೌನ. ಆಮೇಲೆ ಎರಡೂ ಕಡೆಯ ಗ್ಯಾಲರಿಗಳು ಎದ್ದು ನಿಂತು ಚಪ್ಪಾಳೆ...

"ನೀನು ಈ ಊರಲ್ಲೇ ಇದೀಯಾ?" ಎಂದ ಎಮಿಲ್. "ನನ್ ಬೆನ್ನಿಗೆ ಕೋಕೋ ಲೋಟ ಬಂದು ಬಿತ್ತು. ಬಿಸಿಯಿತ್ತು."

(ನಾನು ಅವತ್ತು ಗ್ಯಾಲರಿಯಲ್ಲೇ ಇದ್ದೆ. ಲೋಟ ಎಸೆದವನು ಯಾರೆಂದು ನೋಡಿದ್ದೇನೆ. ಅವನಿಗೂ ನಾನೇ ಗುಳಿಗೆ ಕೊಡುವವನು, ಹೆಸರು ಹೇಳಲಾರೆ. ನನ್ನ ಕೈಯಲ್ಲೂ ಒಂದು ಲೋಟ ಇತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಎಸೆಯಲಿಲ್ಲ. ಬಿಗಿಯಾಗಿ ಹಿಡಿದುಕೊಂಡಿದ್ದೆ.)

6.

ಆದದ್ದು ಇಷ್ಟು.

ಎಮಿಲ್ ಕ್ಲಿಪ್ಪಿನಿಂದ ಕೈ ತೆಗೆಯದೆ, "ಸಾರ್," ಎಂದ.

ಕೋಲು ಹಿಡಿದು ನಿಂತಿದ್ದ ಕ್ಲೆಮ್‌ಗೆ ಆ ದನಿಯಲ್ಲೇ ಏನೋ ತಿಳಿಯಿತು. ಐವತ್ತು ವರ್ಷದಿಂದ ಸ್ನೇಹಿತ. "ಎಮಿಲ್, ಬಾಯ್ ಮುಚ್ಕೊಂಡಿರು," ಎಂದ ಹಲ್ಲು ಕಚ್ಚಿ. "ಅವರು ಹತ್ತೊಂಬತ್ತು ವರ್ಷ ತಗೊಂಡಿದಾರೆ. ನಾವು ಎರಡಿಂಚು ತಗೊಂಡ್ರೆ ಭೂಮಿ ಬಾಯ್ಬಿಡಲ್ಲ."

"ನಾಲ್ಕಿಂಚು," ಎಂದ ಎಮಿಲ್. ಅಳತೆಯ ವಿಷಯದಲ್ಲಿ ಅವನಿಗೆ ತಡೆದುಕೊಳ್ಳಲಾಗುವುದಿಲ್ಲ.

ರೆಫರಿ ಹತ್ತಿರ ಬಂದು ಬಗ್ಗಿದ. "ಏನಂದ್ರಿ?"

"ಕ್ಲಿಪ್ ತಪ್ಪಾಗಿದೆ ಸಾರ್. ಹುಡುಗ್ರು ಮೇಲೆ ಬಿದ್ದಾಗ ಕಳಚ್ಕೊಂಡಿತ್ತು. ಆರು ಇರ್ಬೇಕಿತ್ತು, ನಾಲ್ಕಕ್ಕೆ ಹಾಕಿದೀನಿ. ನಮ್ ಕಡೆಗೆ ಅನುಕೂಲ ಆಗೋ ಹಾಗೆ."

"ಖಾತ್ರಿನಾ?"

"ನಾನೇ ಹಾಕಿದ್ದು."

ರೆಫರಿ ಎಮಿಲ್‌ನ ಟೋಪಿ ನೋಡಿದ. ಗ್ಲೆನ್‌ಫರ್ಡಿನ ಹಸಿರು ಟೋಪಿ. ಕ್ಲಿಪ್ಪನ್ನು ಆರನೇ ಕೊಂಡಿಗೆ ಹಾಕಿಸಿ, ಮತ್ತೆ ಸರಪಳಿ ಎಳೆಸಿದ. ಚೆಂಡು ಕೋಲಿಗಿಂತ ನಾಲ್ಕು ಬೆರಳು ಹಿಂದೆ ಬಿತ್ತು. ರೆಫರಿಯ ಕೈ ಇನ್ನೊಂದು ದಿಕ್ಕಿಗೆ ತಿರುಗಿತು. ಚೆಂಡು ಸೇಂಟ್ ಹೆಡ್ವಿಗ್‌ಗೆ. ಅವರು ಗೆಲ್ಲಬೇಕಾದರೆ ಅರವತ್ತೈದು ಗಜ ಹೋಗಬೇಕು, ಇರುವುದು ಒಂದು ನಿಮಿಷ ನಲವತ್ತು ಸೆಕೆಂಡು.

ಕೋಕೋ ಬಿದ್ದದ್ದು ಆಗ. ಕೆಲವರು ಎಮಿಲ್‌ನ ಹೆಸರು ಹಿಡಿದು ಕೂಗಿದ್ದೂ ಆಗಲೇ, ಬರೆಯುವಂಥ ಮಾತುಗಳಲ್ಲ. ಅವನಿಗೆ ನಾಚಿಕೆಯಾಯಿತು. ನಿಜ ಹೇಳಿದ್ದಕ್ಕಲ್ಲ, ಎಣಿಸದೆ ಹಾಕಿದ್ದಕ್ಕೆ. ಎಣಿಸಿದ್ದರೆ ಇಷ್ಟು ಹುಡುಗರಿಗೆ ಅರ್ಧ ನಿಮಿಷ ಗೆದ್ದ ಸಂತೋಷ ಕೊಟ್ಟು ಕಿತ್ತುಕೊಳ್ಳುವ ಪ್ರಮೇಯವೇ ಇರುತ್ತಿರಲಿಲ್ಲ. ಅವನು ಅವರ ಮುಖ ನೋಡಲಾರದೆ ಸರಪಳಿ ಎತ್ತಿಕೊಂಡು ಅಂಚಿಗೆ ನಡೆದ.

ಚೆಂಡು ಈಗ ಎದುರಾಳಿಯದಾದ್ದರಿಂದ ಅವರನ್ನು ತಡೆಯುವ ನಮ್ಮ ಹುಡುಗರು ಒಳಗೆ ಓಡುತ್ತಿದ್ದರು. ಐವತ್ತನಾಲ್ಕನೇ ನಂಬರಿನವನು, ಟೆರೆನ್ಸ್ ಬೋಗನ್, ತಂಡದ ಕ್ಯಾಪ್ಟನ್, ಎಮಿಲ್‌ನ ಎದುರು ಒಂದು ಗಳಿಗೆ ನಿಂತ. ಎಮಿಲ್ ಬೈಗುಳಕ್ಕೆ ಸಿದ್ಧನಾದ.

"ಮಿಸ್ಟರ್ ಹ್ರಿಷ್ಕೊ, ಸರಪಳಿ ಸರಿಯಾಗಿ ಹಿಡ್ಕೊಂಡಿರಿ," ಎಂದ ಟೆರೆನ್ಸ್, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. "ಅವರಿಗೆ ಹತ್ತು ಗಜ ಸಿಗಲ್ಲ. ನೀವೇ ನೋಡ್ಕೊಳ್ಳಿ."

ಎಮಿಲ್ ಕ್ಲಿಪ್ ಹಾಕಿದ. ಎಣಿಸಿದ. ಗಟ್ಟಿಯಾಗಿ ಹೇಳಿದ. ಕ್ಲೆಮ್ ಕೂಡ ಕೋಲನ್ನು ನೆಟ್ಟಗೆ ಹಿಡಿದುಕೊಂಡ.

7.

(ಕಥೆ ಇಲ್ಲಿ ಭಾನುವಾರಕ್ಕೆ ಹಾರುತ್ತದೆ. ಮಧ್ಯೆ ಒಂದು ನಿಮಿಷ ನಲವತ್ತು ಸೆಕೆಂಡು ಬಿಟ್ಟುಹೋಗಿದೆ ಎಂದು ನೀವು ತಕರಾರು ತೆಗೆಯುತ್ತೀರಿ. ತೆಗೆಯಿರಿ.)

ಭಾನುವಾರ ಚರ್ಚು ಮುಗಿದ ಮೇಲೆ ಎಮಿಲ್ ಮನವಿಯ ಮೊದಲನೇ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ. ಹಾಗೆ ಮಾಡಿದ ಮೇಲೆ, ಸಹಿ ಹಾಕಿದವರು ಒಪ್ಪಿದ್ದು ಬೇರೆ ಕಾಗದ, ಇದು ಬೇರೆ ಕಾಗದ ಎಂದು ಅವನಿಗೇ ಹೊಳೆಯಿತು. ಹಾಗಾಗಿ ನಾನೂರ ಹನ್ನೆರಡು ಜನರ ಮನೆಬಾಗಿಲಿಗೆ ಮತ್ತೆ ಹೋಗಲು ಹೊರಟ, ಆ ಮಂಡಿಯಲ್ಲಿ. ಕೆಲವರು ಬಾಗಿಲು ತೆಗೆಯಲಿಲ್ಲ. ಕೋಕೋ ಎಸೆದವನು ತೆಗೆದ. ಸಹಿ ಹಾಕಿ, ಕೂತು ಹೋಗು ಅಂದ.

"ಇನ್ನೂ ಬೇರೆ ಟೂರ್ನಮೆಂಟೇ ಬೇಕಾ ನಿಂಗೆ?" ಎಂದು ಹೋಟೆಲಿನಲ್ಲಿ ಕೇಳಿದಳು ಲೊರೆಟ್ಟಾ.

"ಬೇಕು. ಮುನ್ನೂರ ಹತ್ತು ಮಕ್ಕಳ ಸ್ಕೂಲನ್ನ ನಾಲ್ಕು ಜಿಲ್ಲೆ ಎದುರು ಬಿಡೋದು ನ್ಯಾಯ ಅಲ್ಲ. ಅದು ಮೊದಲೂ ಹೇಳ್ತಿದ್ದೆ, ಈಗ್ಲೂ ಹೇಳ್ತೀನಿ. ಮೋಸ ಅನ್ನೋ ಮಾತು ಮಾತ್ರ ವಾಪಸ್ ತಗೊಂಡೆ."

ಅವಳು ಕನ್ನಡಕ ಹಾಕಿಕೊಂಡು ಕಾಗದ ಪೂರ್ತಿ ಓದಿದಳು. "ಈಗ ಓದೋ ಹಾಗಿದೆ," ಎಂದಳು. "ಸಹಿ ಹಾಕಲ್ಲ. ಪೈ ತಿಂತೀಯಾ?"

ತಿಂದ. ಜಗಳ ಒಂದು ಗಂಟೆ ನಡೆಯಿತು. ಇಷ್ಟು ಒಳ್ಳೆಯ ಜಗಳ ಈ ಊರಿನಲ್ಲಿ ಬಹಳ ವರ್ಷದಿಂದ ಆಗಿರಲಿಲ್ಲ.

8.

ಈಗ ಸ್ಕೋರು.

ನನಗೆ ಗೊತ್ತು. ಈ ಊರಿನ ಎಲ್ಲರಿಗೂ ಗೊತ್ತು. ಸೋಮವಾರದ ವೋಟು ಏನಾಯಿತೆಂದೂ ಗೊತ್ತು. ಎರಡನ್ನೂ ಇಲ್ಲಿ ಬರೆದಿದ್ದೆ, ಚೆನ್ನಾಗಿಯೇ ಬರೆದಿದ್ದೆ. ಎಮಿಲ್ ಕೌಂಟರಿನ ಆಚೆ ನಿಂತು ಓದಿಸಿಕೊಂಡ.

"ತೆಗಿ," ಎಂದ.

"ಯಾಕೆ ಮಾರಾಯ? ಓದುಗರು ಇಲ್ಲೀತನಕ ಬಂದಿದಾರೆ. ನನ್ನನ್ನ ಬೈಕೋತಾರೆ."

"ಬೈಕೊಳ್ಳಿ, ನಂಗೂ ಬೈದಿದಾರೆ. ಸ್ಕೋರು ಬರೆದ್ರೆ ಏನಾಗತ್ತೆ ಗೊತ್ತಾ? ಗೆದ್ರು ಅಂತ ಬರೆದ್ರೆ, ನಿಜ ಹೇಳಿದ್ದಕ್ಕೆ ದೇವರು ಬಹುಮಾನ ಕೊಟ್ಟ ಅಂತಾರೆ. ಸೋತ್ರು ಅಂತ ಬರೆದ್ರೆ, ಪಾಪ ಮುದುಕ ಅಂತಾರೆ. ನಾನು ಯಾವುದಕ್ಕೂ ಹೇಳಿದ್ದಲ್ಲ. ಆ ಹುಡುಗ್ರು ಅಷ್ಟು ಚೆನ್ನಾಗಿ ಆಡ್ತಿದ್ರು, ಡಾಕ್. ಆ ಸ್ಕೂಲಿನೋರೂ ಆಡ್ತಿದ್ರು. ಅವರಿಗೆ ಸರಿಯಾದ ಹತ್ತು ಗಜ ಕೊಡೋದಷ್ಟೇ ನನ್ ಕೆಲಸ."

"ಹಾಗಾದ್ರೆ ಕಥೆ ಎಲ್ಲಿ ನಿಲ್ಲಿಸ್ಲಿ?"

"ನಿಲ್ಲಿಸಬೇಡ. ಗಡಿಯಾರ ಇನ್ನೂ ಓಡ್ತಿದೆ." ಗುಳಿಗೆ ಜೇಬಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿದ. "ನೀನು ಗ್ಯಾಲರೀಲಿ ಇದ್ದೆ ಅಂತ ಬರೆದಿದೀಯಲ್ಲ. ನನಗಂತೂ ಕೂಗೋ ಹಾಗಿಲ್ಲ, ಕೈಯಲ್ಲಿ ಸರಪಳಿ ಇದೆ. ನಿಂಗೇನಾಗಿದೆ? ಎದ್ದು ನಿಂತು ಕೂಗು."

ಸ್ಕೋರು ಹೊಡೆದುಹಾಕಿದ್ದೇನೆ. ಒಂದು ನಿಮಿಷ ನಲವತ್ತು ಸೆಕೆಂಡು ಇದೆ. ಟೆರೆನ್ಸ್ ಬೋಗನ್ ಬಗ್ಗಿ ಕೈ ನೆಲಕ್ಕೆ ಊರಿದ್ದಾನೆ, ಸೇಂಟ್ ಹೆಡ್ವಿಗ್‌ನ ಹುಡುಗ ಚೆಂಡಿಗೆ ಕೈ ಹಾಕಿದ್ದಾನೆ, ಎಮಿಲ್ ಕೊಂಡಿ ಎಣಿಸಿ ಮುಗಿಸಿದ್ದಾನೆ. ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ, ಪಕ್ಕದವರ ಭುಜ ಹಿಡಿದುಕೊಂಡು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೇನೆ, ಕನ್ನಡದಲ್ಲಿ, ಹಿಡೀರೋ, ಬಿಡಬೇಡಿ, ಹಿಡೀರೋ ಅಂತ, ಮತ್ತು